ಮಕ್ಕಳು ಕಡಿಮೆಯಾಗುತ್ತಿರುವ ಸರ್ಕಾರಿ ಶಾಲೆ: ಹೊಸ ಎಸ್‌ಡಿಎಂಸಿ ಅಧ್ಯಕ್ಷರು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಬ್ರಹ್ಮಾವರ ಕಡೆಯ ಹಿರಿಯ ಪ್ರಾಥಮಿಕ ಶಾಲೆ. ಏಳು ತರಗತಿಗೂ ಸೇರಿ ಅರವತ್ತರ ಒಳಗೆ ಮಕ್ಕಳು, ಮೂವರು ಶಿಕ್ಷಕರು. ಮುಂದಿನ ವರ್ಷ ಶತಮಾನೋತ್ಸವ. ಮುಂಬೈಯ ಹಳೆ ವಿದ್ಯಾರ್ಥಿಗಳು ಬಸ್ಸು ಕೊಡ್ತೇವೆ ಅಂತಿದ್ದಾರೆ. ನೀವು ಈಗಷ್ಟೇ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಾಗಿದ್ದೀರಿ, ಮೊದಲು ಏನು ಮಾಡೋದು, ನಾಯಕತ್ವ ಅಂದ್ರೆ ಏನು ಅಂತ ಕೇಳಿದ್ದೀರಿ, ಅಲ್ವಾ?

ನಾನು ಇದೇ ಜಿಲ್ಲೆಯಲ್ಲಿ ಮುಖ್ಯ ಶಿಕ್ಷಕನಾಗಿ, ನಡುವೆ ಸ್ವಲ್ಪ ಕಾಲ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯಾಗಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೆಲಸ ಮಾಡಿ ನಿವೃತ್ತನಾದವ. ನೇರವಾಗಿ ಹೇಳ್ತೇನೆ. ಬಸ್ಸಿಗೆ ಈಗಲೇ ಹೂಂ ಅನ್ನಬೇಡಿ, ಬೇಡ ಅಂತಲೂ ಹೇಳಬೇಡಿ. ಮೊದಲು ಮಕ್ಕಳನ್ನು ಎಣಿಸಿ. ಶಾಲೆಯಲ್ಲಿ ಇರುವವರನ್ನಲ್ಲ, ಇನ್ನೂ ಬರಬೇಕಾದವರನ್ನು.

ಎಣಿಸೋದು ಅಂದ್ರೆ ಅಂದಾಜು ಸಂಖ್ಯೆ ಅಲ್ಲ, ಹೆಸರು ಹೆಸರಾಗಿ. ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ನಿಮ್ಮ ಹೆಡ್‌ಮಾಸ್ಟ್ರು, ವಾರ್ಡಿನ ಪಂಚಾಯತ್ ಸದಸ್ಯರು ಇಷ್ಟು ಜನರನ್ನು ಒಂದು ಮಧ್ಯಾಹ್ನ ಶಾಲೆಯಲ್ಲೇ ಕೂರಿಸಿ. ಆರು ವರ್ಷದ ಒಳಗಿನ ಪ್ರತಿ ಮಗುವಿನ ಹೆಸರು, ಹುಟ್ಟಿದ ವರ್ಷ, ಮನೆ, ಅಣ್ಣ ಅಕ್ಕ ಇದ್ದರೆ ಯಾವ ಶಾಲೆಗೆ ಹೋಗ್ತಾರೆ ಅನ್ನೋದನ್ನು ಬರೆಯಿರಿ. ಅಣ್ಣ ಎಲ್ಲಿಗೆ ಹೋಗ್ತಾನೋ ತಂಗಿಯೂ ಅಲ್ಲಿಗೇ ಹೋಗೋದು ಜಾಸ್ತಿ, ಹಾಗಾಗಿ ಈ ಕೊನೆಯ ಕಾಲಂ ತುಂಬಾ ಮುಖ್ಯ. ಇದು ಮುಗಿದಾಗ ಮುಂದಿನ ಐದು ಜೂನ್‌ಗಳಲ್ಲಿ ಒಂದನೇ ತರಗತಿಗೆ ಎಷ್ಟು ಮಕ್ಕಳು ಸಿಗಬಹುದು ಅನ್ನೋದು ನಿಮ್ಮ ಕಣ್ಣೆದುರು ಇರುತ್ತದೆ.

ಈ ಪಟ್ಟಿ ಇಲ್ಲದೆ ಮಾಡುವ ಎಲ್ಲ ಯೋಜನೆಯೂ ಸುಮ್ನೆ ಭಾಷಣ.

ಪಟ್ಟಿಯಲ್ಲಿ ಮೂರು ತರದ ಊರು ಕಾಣಿಸಬಹುದು. ಮಕ್ಕಳಿದ್ದಾರೆ, ಆದರೆ ಬೇರೆ ಶಾಲೆಗೆ ಹೋಗ್ತಾರೆ. ಮಕ್ಕಳೇ ಇಲ್ಲ, ಎಲ್ಲರೂ ಬೆಂಗಳೂರು, ಮುಂಬೈ, ದುಬೈ. ಇನ್ನು ಮೂರನೆಯದು, ಮಕ್ಕಳಿದ್ದಾರೆ, ಆದರೆ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಬಿಲ್ಡಿಂಗ್ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ಶೆಡ್ಡಿನಲ್ಲಿ ಇರುವ ಕುಟುಂಬಗಳ ಮಕ್ಕಳು ಇವರು. ಉಡುಪಿ, ಮಣಿಪಾಲ, ಮಂಗಳೂರು ಸುತ್ತಲಿನ ಎಷ್ಟೋ ಸರ್ಕಾರಿ ಶಾಲೆಗಳು ಇವತ್ತು ಈ ಮಕ್ಕಳಿಂದಲೇ ನಡೀತಿವೆ, ಅದನ್ನು ನಾವು ಊರವರು ಬಾಯಿಬಿಟ್ಟು ಹೇಳೋದು ಕಡಿಮೆ ಅಷ್ಟೆ. ಟಿ.ಸಿ. (ಹಿಂದಿನ ಶಾಲೆಯ ವರ್ಗಾವಣೆ ಪತ್ರ) ಇಲ್ಲ, ಜನನ ಪ್ರಮಾಣ ಪತ್ರ ಇಲ್ಲ ಅಂತ ಯಾರಾದರೂ ಇವರನ್ನು ವಾಪಸ್ ಕಳಿಸಿದರೆ ಅದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿ.ಸಿ. ತಡವಾಯ್ತು ಅಂತಲೋ ವಯಸ್ಸಿನ ದಾಖಲೆ ಇಲ್ಲ ಅಂತಲೋ ಪ್ರವೇಶ ನಿರಾಕರಿಸುವ ಹಾಗಿಲ್ಲ. ಈ ಕುಟುಂಬಗಳು ಹಬ್ಬಕ್ಕೆ, ಬಿತ್ತನೆಗೆ ಊರಿಗೆ ಹೋಗಿ ವಾರಗಟ್ಟಲೆ ಬರೋದಿಲ್ಲ, ಅದೂ ನಿಜ. ಅದಕ್ಕೆ ಮೇಸ್ತ್ರಿಯ ಫೋನ್ ನಂಬರ್ ಹೆಡ್‌ಮಾಸ್ಟ್ರ ಹತ್ತಿರ ಇರಬೇಕು, ಅಪ್ಪ ಅಮ್ಮನ ನಂಬರ್ ಬದಲಾಗ್ತಾ ಇರುತ್ತದೆ.

ಸಂಖ್ಯೆಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದ್ರೆ ಶಿಕ್ಷಕರ ಲೆಕ್ಕ ಅದರ ಮೇಲೇ ನಿಂತಿದೆ. ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಮಕ್ಕಳು ಕಡಿಮೆಯಾದರೆ ಶಿಕ್ಷಕರು 'ಹೆಚ್ಚುವರಿ' ಪಟ್ಟಿಗೆ, ಅಲ್ಲಿಂದ ಬೇರೆ ಶಾಲೆಗೆ ಹೋಗ್ತಾರೆ, ಶಿಕ್ಷಕರು ಹೋದ ಮೇಲೆ ಇರುವ ಹೆತ್ತವರೂ ಮಕ್ಕಳನ್ನು ಬಿಡಿಸ್ತಾರೆ. ನಾಲ್ಕೈದು ಮಕ್ಕಳ ವ್ಯತ್ಯಾಸ ಒಬ್ಬ ಶಿಕ್ಷಕರ ವ್ಯತ್ಯಾಸ ಆಗಬಹುದು.

ಈಗ ಬೇರೆ ಶಾಲೆಗೆ ಹೋಗುವ ಮಕ್ಕಳ ವಿಷಯ. ಮನೆ ಮನೆಗೆ ಹೋಗಿ ಕೇಳಿ. ನಿಮ್ಮ ಕಡೆ ಕೆಲವು ಮನೆಯಲ್ಲಿ ತುಳು, ಕೆಲವು ಮನೆಯಲ್ಲಿ ಕುಂದಗನ್ನಡ, ಅದರಲ್ಲೇ ಮಾತಾಡಿ. ಮೈಕಿನ ಕನ್ನಡ ಬೇಡ. ಮೊದಲು 'ಇಂಗ್ಲಿಷ್ ಇಲ್ಲ' ಅಂತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಬೇರೆ ಬೇರೆ ಕಾರಣ ಹೊರಬೀಳುತ್ತವೆ. ನಾನು ಕಂಡ ಹಾಗೆ ಮಗು ಕೈತಪ್ಪೋದು ಒಂದನೇ ತರಗತಿಯಲ್ಲಿ ಅಲ್ಲ, ಎಲ್‌ಕೆಜಿಯಲ್ಲಿ. ಮೂರೂವರೆ ನಾಲ್ಕು ವರ್ಷಕ್ಕೆ ಹಳದಿ ಬಸ್ಸು ಹತ್ತಿದ ಮಗುವನ್ನು ಆರು ವರ್ಷಕ್ಕೆ ಇಳಿಸಿ ನಿಮ್ಮ ಶಾಲೆಗೆ ತರೋದು ಬಹಳ ಕಷ್ಟ. ನೀವು ಮೇ ತಿಂಗಳಲ್ಲಿ ಕರಪತ್ರ ಹಂಚುವ ಹೊತ್ತಿಗೆ ಆಟ ಮುಗಿದಿರುತ್ತದೆ. ಹಾಗಾಗಿ ಶಾಲೆಯ ಆವರಣದಲ್ಲಿ ಎಲ್‌ಕೆಜಿ, ಯುಕೆಜಿ ಸಾಧ್ಯವಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಲ್ಲಿ ಲಿಖಿತವಾಗಿ ಕೇಳಿ. ಆದರೆ ಅದಕ್ಕಿಂತ ಮೊದಲು ಅಂಗನವಾಡಿ ಟೀಚರ್ ಹತ್ತಿರ ಮಾತಾಡಿ. ಅಂಗನವಾಡಿ ಖಾಲಿ ಮಾಡಿ ಎಲ್‌ಕೆಜಿ ತುಂಬಿಸಿದರೆ ಅವರ ಕೆಲಸಕ್ಕೇ ಕುತ್ತು. ಅಂಗನವಾಡಿ ಶಾಲೆಯ ಪಕ್ಕದಲ್ಲೇ ಇದ್ದರೆ ಇಬ್ಬರೂ ಸೇರಿ ಏನು ಮಾಡಬಹುದು ನೋಡಿ. ಅವರನ್ನು ಎದುರು ಹಾಕಿಕೊಂಡರೆ ನಿಮ್ಮ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು, ನಲಿ-ಕಲಿ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಿನಲ್ಲಿ ಕೂತು ಕಾರ್ಡ್ ಇಟ್ಟುಕೊಂಡು ಕಲಿಯೋದನ್ನು ನೋಡಿ 'ಇಲ್ಲಿ ಬರೀ ಆಟ' ಅಂತ ಹೆತ್ತವರು ತಿಳಿದುಕೊಳ್ತಾರೆ. ಒಂದು ಶನಿವಾರ ಬೆಳಿಗ್ಗೆ ಅವರನ್ನು ಕರೆದು ಮಕ್ಕಳ ಪಕ್ಕ ಕೂರಿಸಿ. ಮಗು ಅವರೆದುರು ಒಂದು ಪುಟ ತಡವರಿಸದೆ ಓದಿದರೆ ಬೇರೆ ಪ್ರಚಾರ ಬೇಕಾಗಿಲ್ಲ. ಓದಲಿಲ್ಲವಾದರೆ ನಿಮ್ಮ ಮೊದಲ ಕೆಲಸ ಅದೇ, ಬಸ್ಸಲ್ಲ. ನಮ್ಮ ಕರಾವಳಿಯ ಎರಡು ಜಿಲ್ಲೆಗಳು ಎಸೆಸೆಲ್ಸಿಯಲ್ಲಿ ಮೇಲಿನ ಎರಡು ಸ್ಥಾನವನ್ನು ಹಂಚಿಕೊಂಡವು, 2024ರಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು. ಆ ಖುಷಿಯಲ್ಲಿ ಮೂರನೇ ತರಗತಿಯಲ್ಲಿ ಓದಲು ಬಾರದೆ ಕೂತ ಮಗು ಯಾರಿಗೂ ಕಾಣೋದಿಲ್ಲ.

ಬಸ್ಸಿಗೆ ಬರ್ತೇನೆ. ಕೊಡುವವರಿಗೆ ಬಸ್ಸು ಒಮ್ಮೆಯ ಖರ್ಚು, ನಿಮಗೆ ತಿಂಗಳು ತಿಂಗಳ ಖರ್ಚು. ಡೀಸೆಲ್, ಡ್ರೈವರ್ ಸಂಬಳ, ಮಕ್ಕಳನ್ನು ಹತ್ತಿಸಿ ಇಳಿಸಲು ಒಬ್ಬ ಆಯಾ, ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟಯರ್. ಏಪ್ರಿಲ್, ಮೇನಲ್ಲಿ ಬಸ್ಸು ಓಡೋದಿಲ್ಲ, ಆದರೆ ಆ ಎರಡು ತಿಂಗಳು ಡ್ರೈವರಿಗೆ ಏನೂ ಕೊಡದಿದ್ದರೆ ಜೂನ್‌ಗೆ ಅವನು ಬೇರೆ ಕಡೆ ಸೇರಿರ್ತಾನೆ, ಶಾಲೆ ಶುರುವಾದ ದಿನ ಬಸ್ಸು ಬರದೇ ಹೋದರೆ ಹೊಸದಾಗಿ ಸೇರಿದ ಹತ್ತು ಮಕ್ಕಳ ಹೆತ್ತವರು ಅದೇ ವಾರ ಟಿ.ಸಿ. ಕೇಳ್ತಾರೆ. ಬಸ್ಸಿನ ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಲ್ಲಿ ಅನ್ನೋದೂ ಮೊದಲೇ ತೀರ್ಮಾನ ಆಗಬೇಕು. ವ್ಯಕ್ತಿಯ ಹೆಸರಲ್ಲಿ ಖಂಡಿತ ಬೇಡ, ಹಳೆ ವಿದ್ಯಾರ್ಥಿಗಳ ನೋಂದಾಯಿತ ಟ್ರಸ್ಟ್ ಇದ್ದರೆ ಅದರ ಹೆಸರಲ್ಲಿ ಇರಲಿ. ಮುಂಬೈಯವರಿಗೆ ಹೇಳಿ, ಬಸ್ಸಿನ ಜೊತೆ ಮೂರು ವರ್ಷ ಓಡಿಸುವ ಖರ್ಚನ್ನೂ ಟ್ರಸ್ಟಿನಲ್ಲಿ ಠೇವಣಿ ಇಡಿ ಅಂತ. ಒಪ್ಪಿದರೆ ತಗೊಳ್ಳಿ. ಇಲ್ಲವಾದರೆ ಸಣ್ಣ ವ್ಯಾನು ಬಾಡಿಗೆಗೆ ಮಾಡಿ, ಅಥವಾ ಅದೇ ದುಡ್ಡಲ್ಲಿ ಒಬ್ಬ ಗೌರವ ಶಿಕ್ಷಕಿಯನ್ನು, ಅಂದ್ರೆ ಊರಿನ ಕಡೆಯಿಂದಲೇ ಸಂಬಳ ಕೊಡುವ ಶಿಕ್ಷಕಿಯನ್ನು ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಗೌರವ ಶಿಕ್ಷಕಿಯೇ ಮೊದಲು. ಮೂವರು ಶಿಕ್ಷಕರಲ್ಲಿ ಒಬ್ಬರು ಮೀಟಿಂಗಿಗೆ, ಇನ್ನೊಬ್ಬರು ಮತದಾರರ ಪಟ್ಟಿಯ ಬಿಎಲ್‌ಒ ಕೆಲಸಕ್ಕೆ ಹೋದ ದಿನ ಏಳು ತರಗತಿಗೆ ಒಬ್ಬರೇ ಉಳಿಯೋದು, ಅವತ್ತು ಬಸ್ಸಿನಲ್ಲಿ ಬಂದ ಮಗು ಕಲಿಯೋದು ಏನನ್ನು?

ಬಸ್ಸಿನ ರೂಟ್ ಹಾಕುವಾಗ ಒಂದು ಮಾತು. ಎರಡು ಕಿಲೋಮೀಟರ್ ಆಚೆಯ ಇನ್ನೊಂದು ಸರ್ಕಾರಿ ಶಾಲೆಯ ಎದುರಿನಿಂದ ಮಕ್ಕಳನ್ನು ಎತ್ತಿಕೊಂಡು ಬರಬೇಡಿ. ನಿಮ್ಮಲ್ಲಿ ಹತ್ತು ಜಾಸ್ತಿ, ಅಲ್ಲಿ ಹತ್ತು ಕಡಿಮೆ, ಸರ್ಕಾರಿ ಶಾಲೆಗಳ ಒಟ್ಟು ಲೆಕ್ಕದಲ್ಲಿ ಸೊನ್ನೆ. ಇಂಥ ಜಗಳ ಎರಡು ಊರಿನ ನಡುವೆ ವರ್ಷಗಟ್ಟಲೆ ಉಳಿಯೋದನ್ನು ಸಿಆರ್‌ಪಿ ಆಗಿದ್ದಾಗ ನೋಡಿದ್ದೇನೆ.

ಯೋಜನೆ ಬರೆಯೋದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಕಾಯ್ದೆಯ 22ನೇ ಸೆಕ್ಷನ್‌ನಲ್ಲೇ ಶಾಲಾ ಅಭಿವೃದ್ಧಿ ಯೋಜನೆ ಇದೆ. ಹೆಚ್ಚಿನ ಕಡೆ ಹೋದ ವರ್ಷದ್ದನ್ನೇ ದಿನಾಂಕ ಬದಲಿಸಿ ಸಹಿ ಹಾಕಿಸ್ತಾರೆ. ನಿಮ್ಮ ಅವಧಿ ಮೂರು ವರ್ಷ, ಮೂರು ವರ್ಷದ್ದು ಬರೆಯಿರಿ. ಒಂದೇ ಹಾಳೆ ಸಾಕು: ಏನು ಕೆಲಸ, ಯಾರು ಮಾಡ್ತಾರೆ, ಯಾವ ತಿಂಗಳು, ದುಡ್ಡು ಎಲ್ಲಿಂದ. ನಮ್ಮ ಕರಾವಳಿಯಲ್ಲಿ ತಿಂಗಳು ಹಾಕುವಾಗ ಮಳೆಯನ್ನು ಮೊದಲು ನೋಡಬೇಕು.

ಶಾಲೆಯ ಮಾಡನ್ನೇ, ಅಂದ್ರೆ ಛಾವಣಿಯನ್ನೇ ತಗೊಳ್ಳಿ. ನೂರು ವರ್ಷದ ಶಾಲೆ ಅಂದ್ರೆ ಮಂಗಳೂರು ಹಂಚಿನ ಮಾಡೇ ಇರಬೇಕು. ಡಿಸೆಂಬರ್‌ನಲ್ಲಿ ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿ ಬಾಗಿಲು ಹಾಕಿ ತರಗತಿಯ ಒಳಗೆ ನಿಲ್ಲಿ. ಎಲ್ಲೆಲ್ಲಿ ಬಿಸಿಲಿನ ಚುಕ್ಕೆ ನೆಲಕ್ಕೆ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಲೆ ಅಲ್ಲಿ ಹಂಚು ಒಡೆದಿದೆ ಅಥವಾ ಜಾರಿದೆ. ಆಮೇಲೆ ಒಂದು ಕೋಲು ತಗೊಂಡು ಹಂಚು ಹೊತ್ತ ಮರದ ಪಕ್ಕಾಸು, ರೀಪುಗಳಿಗೆ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದು ಹುಡಿ ಉದುರಿದರೆ ಗೆದ್ದಲು ಒಳಗೆ ಹೊಕ್ಕಿದೆ ಅಂತ ಲೆಕ್ಕ. ಅಂಥ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬೇಡಿ, ಎಂಜಿನಿಯರ್ ಬಂದು ನೋಡಲಿ ಅಂತ ಬಿಇಒ ಕಚೇರಿಗೆ ಫೋಟೊ ಸಮೇತ ಪತ್ರ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸಣ್ಣ ರಿಪೇರಿಗೆ ಬಡಗಿಯನ್ನು ಫೆಬ್ರವರಿಯಲ್ಲೇ ಹೇಳಿ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಊರಿನ ಎಲ್ಲರ ಮನೆಯ ಮಾಡೂ ಅವನ ತಲೆ ಮೇಲೆ ಇರುತ್ತದೆ, ಆಗ ಸಿಗೋದಿಲ್ಲ.

ರೆಡ್ ಅಲರ್ಟ್ ರಜೆಯೂ ಈ ಹಾಳೆಯಲ್ಲಿ ಬರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಡಿಸಿ ಆದೇಶ ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಬರುತ್ತದೆ. ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸೋದು ಅಂತಾದರೆ ಊಟ, ವ್ಯಾನು, ಯಾವ ಪಾಠ ಅನ್ನೋದನ್ನು ಹೆಡ್‌ಮಾಸ್ಟ್ರು ಮೊದಲೇ ಹೇಳುವ ಹಾಗೆ ಇರಬೇಕು. ಇಲ್ಲವಾದರೆ ಹಾಜರಾತಿ ಮಾತ್ರ ತುಂಬುತ್ತದೆ.

ದುಡ್ಡಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯ ಸಂಯುಕ್ತ ಅನುದಾನ ವರ್ಷಕ್ಕೆ 25,000 ರೂಪಾಯಿ, ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ. ಅಷ್ಟರಲ್ಲಿ ಶೌಚಾಲಯ ತೊಳೆಯುವವರಿಗೆ ವರ್ಷವಿಡೀ ಕೊಡೋದು ಅಸಾಧ್ಯ. ಆ ಒಂದು ಖರ್ಚನ್ನು ಊರಿನ ಯಾರಾದರೂ ವಹಿಸಿಕೊಳ್ಳುವ ಹಾಗೆ ಮಾಡಿ, ಅವರ ಹೆಸರಿಗೆ ಬೋರ್ಡ್ ಬೇಕಾದರೂ ಹಾಕಿ. ಬಂದ ದುಡ್ಡು, ಹೋದ ದುಡ್ಡು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಇರಲಿ. ಇದಕ್ಕೆ ಒಪ್ಪದ ಸದಸ್ಯರಿದ್ದರೆ ಅವರು ಯಾಕೆ ಒಪ್ಪುವುದಿಲ್ಲ ಅನ್ನೋದು ನಿಮಗೆ ಬೇಗ ಗೊತ್ತಾಗುತ್ತದೆ.

ನಾಯಕತ್ವ ಅಂತ ಕೇಳಿದ್ದೀರಲ್ಲ, ನನ್ನ ಪ್ರಕಾರ ಅದು ಹೆಡ್‌ಮಾಸ್ಟ್ರ ಮೇಲೆ ಅಧಿಕಾರ ಚಲಾಯಿಸೋದು ಅಲ್ಲ. ಅವರು ಪಾಠ ಮಾಡಬೇಕು, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ಎಸ್‌ಎಟಿಎಸ್‌ಗೆ ಮಾಹಿತಿ ತುಂಬಬೇಕು, ಬಿಸಿಯೂಟದ ಅಕ್ಕಿ, ಮೊಟ್ಟೆ, ಹಾಲಿನ ಪುಡಿಯ ಲೆಕ್ಕ ಬರೆಯಬೇಕು. ತರಕಾರಿ ತರೋದು, ಗ್ಯಾಸ್ ಬುಕ್ ಮಾಡೋದು, ಪ್ಲಂಬರನ್ನು ಹುಡುಕೋದು ಇಂಥವನ್ನು ನಿಮ್ಮ ಸದಸ್ಯರು ಹಂಚಿಕೊಂಡರೆ ಅವರಿಗೆ ದಿನಕ್ಕೆ ಒಂದು ತಾಸು ತರಗತಿಗೆ ಸಿಗುತ್ತದೆ. ಬಿಇಒ ಕಚೇರಿ, ಪಂಚಾಯತ್ ಓಡಾಟವೂ ನಿಮ್ಮದೇ ಆಗಲಿ. ಹರೇಕಳ ಹಾಜಬ್ಬರ ಬಗ್ಗೆ ಎಲ್ಲರೂ ಕಿತ್ತಳೆ ಮಾರಿ ಶಾಲೆ ಕಟ್ಟಿದರು ಅಂತ ಹೇಳ್ತಾರೆ, 2020ರಲ್ಲಿ ಪದ್ಮಶ್ರೀಯೂ ಘೋಷಣೆಯಾಯ್ತು. ಆದರೆ ಅವರ ಊರು ನ್ಯೂಪಡ್ಪುವಿನಲ್ಲಿ ಇರೋದು ಸರ್ಕಾರಿ ಶಾಲೆ. ಜಾಗಕ್ಕೆ, ಮಂಜೂರಾತಿಗೆ, ಕಟ್ಟಡಕ್ಕೆ ಅವರು ಕಚೇರಿಯಿಂದ ಕಚೇರಿಗೆ ಅಲೆದ ಭಾಗವನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. ನಿಮಗೆ ಕಲಿಯಲು ಇರೋದು ಆ ಭಾಗ.

ಶತಮಾನೋತ್ಸವಕ್ಕೆ ಶಾಮಿಯಾನ, ಯಕ್ಷಗಾನ ಎಲ್ಲ ಇರಲಿ, ನಾನೂ ರಾತ್ರಿಯಿಡೀ ಕೂತು ನೋಡುವವನೇ. ಆದರೆ ಸಂಗ್ರಹವಾದ ದುಡ್ಡಲ್ಲಿ ಅರ್ಧ ಠೇವಣಿಗೆ ಅಂತ ಮೊದಲ ಸಭೆಯಲ್ಲೇ ನಿರ್ಣಯ ಬರೆಸಿ. ಕಾರ್ಯಕ್ರಮದ ಬಿಸಿ ಏರಿದ ಮೇಲೆ ಈ ಮಾತು ಯಾರ ಕಿವಿಗೂ ಹೋಗೋದಿಲ್ಲ.

ಕೊನೆಗೆ ಯಾರಿಗೂ ಇಷ್ಟವಾಗದ ವಿಷಯ. ಪಟ್ಟಿಯಲ್ಲಿ ಮುಂದಿನ ಐದು ವರ್ಷಕ್ಕೂ ಮಕ್ಕಳೇ ಇಲ್ಲ ಅಂತ ಬಂದರೆ ಶಾಲೆ ಉಳಿಸುವ ಹಠದಲ್ಲಿ ಇರುವ ಮಕ್ಕಳನ್ನು ಒಬ್ಬ ಶಿಕ್ಷಕರ ಕೈಗೆ ಬಿಟ್ಟು ಕೂರಬೇಡಿ. ಹತ್ತಿರದಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಯೋ ಬೇರೆ ಒಳ್ಳೆಯ ಸರ್ಕಾರಿ ಶಾಲೆಯೋ ಇದ್ದರೆ ಆ ಎಸ್‌ಡಿಎಂಸಿ ಜೊತೆ ಮಾತಾಡಿ. ಮುಂಬೈಯವರ ಬಸ್ಸಿಗೆ ನಿಜವಾದ ಕೆಲಸ ಆಗ ಸಿಗುತ್ತದೆ. ಒಂದರಿಂದ ಐದನೇ ತರಗತಿಯವರಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನೋದು ನಿಯಮ, ಹಾಗಾಗಿ ಸಣ್ಣವರನ್ನು ಇಲ್ಲೇ ಉಳಿಸಿಕೊಂಡು ಆರು, ಏಳನೇ ತರಗತಿಯವರನ್ನು ಮಾತ್ರ ಅಲ್ಲಿಗೆ ಕಳಿಸುವ ದಾರಿಯೂ ಇದೆ. ಇದನ್ನು ಊರಿನ ಸಭೆಯಲ್ಲಿ ನೀವೊಬ್ಬರೇ ಎದ್ದು ಹೇಳಬೇಡಿ, ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಜನ ಓದಲಿ, ಆಮೇಲೆ ಮಾತು ಶುರು ಮಾಡಿ.

ಪಟ್ಟಿ ಆದ ಮೇಲೆ ಹೆಸರುಗಳನ್ನು ಬಿಟ್ಟು ಬರೀ ಸಂಖ್ಯೆಯನ್ನು ಇಲ್ಲಿ ಹಾಕಿ. ಆರು, ಏಳನೇ ತರಗತಿಗೆ ಯಾವ ವಿಷಯದ ಶಿಕ್ಷಕರನ್ನು ಕೇಳಬಹುದು, ಅರ್ಜಿ ಹೇಗೆ ಬರೆಯೋದು ಅಂತ ಅದನ್ನು ನೋಡಿ ಹೇಳ್ತೇನೆ.