ಐವತ್ತು ದಾಟಿದ ಮೇಲೆ ಸೈಕಲ್ ತುಳಿಯುವ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

52 ಆಯ್ತು, ಸೈಕಲ್ ಧೂಳು ಹಿಡಿದು ಮೂಲೆಯಲ್ಲಿ ನಿಂತಿದೆ, ಮೊದಲಿನ ಹುಮ್ಮಸ್ಸಿಲ್ಲ ಅಂತ ಕೇಳಿದ್ದೀರಿ. ನನಗೀಗ 58. ನಿಜ ಹೇಳ್ಬೇಕಂದ್ರೆ ಬೆಳಗ್ಗೆ ಐದಕ್ಕೆ ನನಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಹಿಂದಿನ ರಾತ್ರಿಯೇ ಟೈರಿಗೆ ಗಾಳಿ ಹೊಡೆದು, ಬಾಟಲಿಗೆ ನೀರು ತುಂಬಿಸಿ, ಹೆಲ್ಮೆಟ್ ಹ್ಯಾಂಡಲ್‌ಗೆ ನೇತುಹಾಕಿ ಮಲಗುತ್ತೇನೆ. ಹತ್ತು ನಿಮಿಷ ತುಳಿದು ಬೇಜಾರಾದರೆ ವಾಪಸ್ ಬರುವುದು ಅಂತ ನನಗೆ ನಾನೇ ಹಾಕಿಕೊಂಡ ಕರಾರು. ಹಾಗೆ ವಾಪಸ್ ಬಂದದ್ದು ತೀರಾ ಕಮ್ಮಿ.

ನನ್ನ ಉತ್ಸಾಹ ಕೆಡಿಸಿದ್ದು ವಯಸ್ಸಲ್ಲ, ಹಳೆಯ ಡೈರಿ. 35ರಲ್ಲಿ ಒಂದು ಏರನ್ನು ಎಷ್ಟು ನಿಮಿಷದಲ್ಲಿ ಹತ್ತುತ್ತಿದ್ದೆ ಅಂತ ಬರೆದಿಟ್ಟಿದ್ದೆ. ಪ್ರತಿ ಸಲ ಅದನ್ನು ನೋಡಿ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದೆ. ಕೊನೆಗೆ ಅದನ್ನು ಅಟ್ಟಕ್ಕೆ ಹಾಕಿ ಹೊಸ ಡೈರಿ ಶುರು ಮಾಡಿದೆ. ಮೊದಲ ದಿನ ಏನು ಬರೆದರೂ ಅದೇ ದಾಖಲೆ, ಅಲ್ವಾ?

ಫ್ರಾನ್ಸಿನ ರೋಬೇರ್ ಮಾರ್ಶಾಂ ಮತ್ತೆ ಸೈಕಲ್ ಹತ್ತಿದ್ದು 67ರ ವಯಸ್ಸಿನಲ್ಲಿ. 2012ರಲ್ಲಿ, ನೂರು ತುಂಬಿದ ಮೇಲೆ, ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದರು. 2014ರಲ್ಲಿ 26.927. ಎರಡು ವರ್ಷ ವಯಸ್ಸು ಜಾಸ್ತಿ, ದೂರವೂ ಜಾಸ್ತಿ!

ಸಾಹಸ ಬೇಕು ಅನ್ನಿಸಿದರೆ, ಬ್ರೆವೆ ಅನ್ನುವ ದೂರದ ಸೈಕಲ್ ಸವಾರಿಗೆ ಹೆಸರು ಕೊಡಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಮಯ. ಮೊದಲು ಬಂದವರಿಗೆ ಬಹುಮಾನವಿಲ್ಲ, ಗಡುವಿನೊಳಗೆ ಮುಗಿಸಿದರೆ ಆಯಿತು. ನಾನು ಮುಗಿಸಿದಾಗ ಇನ್ನು ಇಪ್ಪತ್ತೇ ನಿಮಿಷ ಉಳಿದಿತ್ತು. ಮೂರು ತಿಂಗಳು ಮೊದಲೇ ದುಡ್ಡು ಕಟ್ಟಿದ್ದೆ, ಹಾಗಾಗಿ ಸೋಮಾರಿತನಕ್ಕೆ ಜಾಗವಿರಲಿಲ್ಲ.

ಶುರುವಿನಲ್ಲಿ ಮಂಡಿಯ ಮುಂಭಾಗ ನೋಯುತ್ತಿತ್ತು. "ವಯಸ್ಸಾಯ್ತು ಬಿಡಿ" ಅಂದವರೇ ಎಲ್ಲ. ನೋಡಿದರೆ ಸೀಟು ತಗ್ಗಾಗಿತ್ತು. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಎರಡು ಬೆರಳಷ್ಟು ಏರಿಸಿದೆ, ಎರಡು ವಾರದಲ್ಲಿ ನೋವು ಹೋಯಿತು. ಇನ್ನೊಂದು, ಸೈಕಲ್ ಮೇಲೆ ಮೈಭಾರವನ್ನು ಸೀಟು ಹೊರುವುದರಿಂದ ಮೂಳೆಗೆ ಕೆಲಸ ಸಾಲದು. ವಾರಕ್ಕೆರಡು ದಿನ ಭಾರ ಎತ್ತಿ, ಬಸ್ಕಿ ಹೊಡೆಯಿರಿ. ನನಗಿದು ಸ್ವಲ್ಪವೂ ಇಷ್ಟವಿಲ್ಲ, ಆದರೂ ಮಾಡುತ್ತೇನೆ.

ತುಂಬಾ ವರ್ಷ ಬಿಟ್ಟಿದ್ದರೆ ಮೊದಲು ಬಿಪಿ, ಹೃದಯ ಒಮ್ಮೆ ತೋರಿಸಿಕೊಳ್ಳಿ. ನಾನಾಗಿ ಹೋಗಿರಲಿಲ್ಲ, ನನ್ನ ಹೆಂಡತಿಯೇ ಎಳೆದುಕೊಂಡು ಹೋದಳು.