ಹನ್ನೊಂದನೇ ವಚನಕ್ಕೆ ಮೊದಲು ಹತ್ತನೆಯದನ್ನು ಓದಿ

ಪ್ರಿಯ ಸಹೋದರಿ,

‘ಮಾತು ತಪ್ಪದ ದೇವರು’ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಚೆನ್ನಾಗಿಲ್ಲ ಅಂತಲ್ಲ. ನಿಮ್ಮ ಭಾಷೆ ಸಲೀಸಾಗಿದೆ, ನಂಬಿಕೆ ನಿಜವಾದದ್ದು ಅಂತ ಓದಿದವರಿಗೆ ಗೊತ್ತಾಗುತ್ತದೆ. ತೊಂದರೆ ಇರುವುದು ವಾಗ್ದಾನಗಳನ್ನು ನೀವು ಎತ್ತಿಕೊಂಡಿರುವ ರೀತಿಯಲ್ಲಿ.

ನಿಮ್ಮ ಮುಖ್ಯ ಆಧಾರ ಸತ್ಯವೇದದಲ್ಲಿ (ಬೈಬಲಿನಲ್ಲಿ) ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮಗೆ ಒಳ್ಳೆಯದನ್ನು ಮಾಡುವ ಆಲೋಚನೆ ನನಗಿದೆ, ಹಾನಿಯದ್ದಲ್ಲ ಅಂತ ದೇವರು ಹೇಳುವ ವಚನ. ಅದನ್ನು ಬರೆದು, ನಿಮ್ಮ ತಮ್ಮ ಪ್ರಾರ್ಥನೆ ಮಾಡಿದ, ಕೆಲಸ ಸಿಕ್ಕಿತು, ಆದ್ದರಿಂದ ದೇವರು ನಂಬಿಗಸ್ತ ಅಂತ ಮುಗಿಸಿದ್ದೀರಿ. ಅದರ ಹಿಂದಿನ ವಚನ ನೋಡಿದ್ರಾ? ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ಹಿಂದಕ್ಕೆ ಬರಮಾಡುತ್ತೇನೆ ಅಂತ ಅಲ್ಲಿದೆ. ಈ ವಚನಗಳು ಯೆರೆಮೀಯ ಕಳಿಸಿದ ಒಂದು ಪತ್ರದವು, ಅದು ಹೋದದ್ದು ಬಾಬೆಲಿಗೆ ಸೆರೆಯಾಗಿ ಹೋಗಿದ್ದ ಜನರಿಗೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳ ಮದುವೆ ಮಾಡಿ ಅಂತಲೂ ಅದರಲ್ಲಿದೆ. ಅಂದರೆ ಆ ವಾಗ್ದಾನವನ್ನು ಕಿವಿಯಾರೆ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನ ನೋಡುವ ಹಾಗೇ ಇರಲಿಲ್ಲ. ಅದೇ ಪುಸ್ತಕದ 28ನೇ ಅಧ್ಯಾಯದಲ್ಲಿ ಹನನ್ಯ ಅನ್ನುವವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಪ್ರವಾದನೆ ಹೇಳಿದ. ಜನರಿಗೆ ಹಿತವಾದ ಮಾತು ಅವನದ್ದು. ಸುಳ್ಳಾದದ್ದೂ ಅವನದ್ದೇ.

ನಿಮ್ಮ ಲೇಖನವನ್ನು ಕೆಲಸ ಸಿಗದವರೂ ಓದುತ್ತಾರೆ. ನಿಮ್ಮ ತಮ್ಮನಷ್ಟೇ ಕಣ್ಣೀರಿಟ್ಟು ಬೇಡಿಕೊಂಡು, ಕಾಯಿಲೆ ವಾಸಿಯಾಗದೆ ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸೂ ಓದುತ್ತಾರೆ. ನಿಮ್ಮ ವಾದದ ಪ್ರಕಾರ ಅವರು ಏನು ಅಂದುಕೊಳ್ಳಬೇಕು? ದೇವರು ತಪ್ಪಿದ ಅಂತಲೋ, ತಮ್ಮ ನಂಬಿಕೆ ಸಾಲದಾಯಿತು ಅಂತಲೋ? ಎರಡೂ ಸತ್ಯವೇದ ಹೇಳುವ ಮಾತಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ, ನಂಬಿಕೆಯ ವೀರರ ಹೆಸರು ಹೇಳುತ್ತಲೇ, ಇವರೆಲ್ಲ ವಾಗ್ದಾನದ ಫಲವನ್ನು ಹೊಂದದೆ, ಅದನ್ನು ದೂರದಿಂದ ನೋಡಿ ಸತ್ತರು ಅಂತ ನೇರವಾಗಿ ಬರೆಯುತ್ತದೆ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ಅದು ಇರಲೇಬೇಕು.

ಅಬ್ರಹಾಮನ ಪ್ಯಾರಾಗೂ ಇದೇ ಗತಿಯಾಗಿದೆ. ನಿನ್ನನ್ನು ದೊಡ್ಡ ಜನಾಂಗವಾಗಿ ಮಾಡುತ್ತೇನೆ ಅನ್ನುವ ದೇವರ ಮಾತು ನಂಬಿ 75ನೇ ವಯಸ್ಸಿನಲ್ಲಿ ಊರು ಬಿಟ್ಟು ಹೊರಟವನಿಗೆ ಮಗ ಇಸಾಕ ಹುಟ್ಟಿದ್ದು 100ನೇ ವಯಸ್ಸಿನಲ್ಲಿ. ನಡುವಿನ 25 ವರ್ಷವನ್ನು ನೀವು ‘ಕಾಲಕ್ರಮೇಣ’ ಅಂತ ದಾಟಿಬಿಟ್ಟಿದ್ದೀರಿ! ಇರುವುದೆಲ್ಲ ಅಲ್ಲೇ ಅಲ್ವಾ? ಕಾದು ಸಾಕಾಗಿ ಸಾರಳು ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟದ್ದು, ಆಮೇಲೆ ಮನೆಯೊಳಗೆ ಹುಟ್ಟಿದ ಕಹಿ, ಮಗ ಹುಟ್ಟುತ್ತಾನೆ ಅಂದಾಗ ಅಬ್ರಹಾಮನೂ ನಕ್ಕದ್ದು, ಸಾರಳೂ ನಕ್ಕದ್ದು. ಇಷ್ಟೆಲ್ಲ ಆದರೂ ದೇವರು ಬಿಡಲಿಲ್ಲ. ಕಾಯುವವರು ಕೆಟ್ಟದಾಗಿ ಕಾದರೂ ಮಾತು ಉಳಿಯಿತು. ನನಗೆ ಈ ಕಥೆಯಲ್ಲಿ ಧೈರ್ಯ ಸಿಗುವುದು ಅಲ್ಲಿಯೇ.

ಇನ್ನು ಕೊನೆಯ ಪುಟ. ‘ಆದ್ದರಿಂದ ಕ್ರೈಸ್ತರಾದ ನಾವೂ ಕೊಟ್ಟ ಮಾತು ಉಳಿಸಿಕೊಳ್ಳಬೇಕು’ ಅಂತ ಬರೆದು ನಿಲ್ಲಿಸಿದ್ದೀರಿ. ಇದಕ್ಕೆ ಯಾರು ಇಲ್ಲ ಅನ್ನುತ್ತಾರೆ? ಕಷ್ಟವಾದಾಗ ಏನು ಮಾಡಬೇಕು ಅನ್ನುವುದು ಪ್ರಶ್ನೆ. ಯೆಹೋಶುವ 9ನೇ ಅಧ್ಯಾಯ ತೆಗೆಯಿರಿ. ಗಿಬ್ಯೋನಿನವರು ಒಣಗಿದ ರೊಟ್ಟಿ, ಹರಿದ ಚಪ್ಪಲಿ ತೋರಿಸಿ, ಹತ್ತಿರದವರಾಗಿದ್ದರೂ ದೂರ ದೇಶದವರು ಅಂತ ನಂಬಿಸಿ, ತಮ್ಮನ್ನು ಕೊಲ್ಲುವುದಿಲ್ಲ ಅಂತ ಇಸ್ರಾಯೇಲ್ಯರಿಂದ ಪ್ರಮಾಣ ಮಾಡಿಸಿಕೊಂಡರು. ಮೂರು ದಿನಕ್ಕೆ ಮೋಸ ಬಯಲಾಯಿತು. ಜನ ನಾಯಕರ ಮೇಲೆ ಗೊಣಗಿದರು. ಆದರೂ ನಾಯಕರು, ದೇವರ ಹೆಸರಲ್ಲಿ ಆಣೆ ಇಟ್ಟಿದ್ದೇವೆ, ಇವರನ್ನು ಮುಟ್ಟುವ ಹಾಗಿಲ್ಲ ಅಂದರು. ಮುಂದಿನ ಅಧ್ಯಾಯದಲ್ಲಿ ಐದು ರಾಜರು ಗಿಬ್ಯೋನಿನ ಮೇಲೆ ಬಿದ್ದಾಗ, ಮೋಸ ಮಾಡಿದ ಅದೇ ಜನರನ್ನು ಉಳಿಸಲು ಇಸ್ರಾಯೇಲ್ಯರ ನಾಯಕ ಯೆಹೋಶುವ ರಾತ್ರಿಯಿಡೀ ನಡೆದು ಬಂದ. ಎಷ್ಟೋ ಕಾಲದ ಮೇಲೆ ಇಸ್ರಾಯೇಲಿನ ರಾಜ ಸೌಲ ಗಿಬ್ಯೋನಿನವರನ್ನು ಕೊಂದು ಆ ಪ್ರಮಾಣ ಮುರಿದ. ಅದಕ್ಕಾಗಿ ದಾವೀದನ ಕಾಲದಲ್ಲಿ ಮೂರು ವರ್ಷ ಬರ ಬಂತು ಅಂತ ಎರಡನೆಯ ಸಮುವೇಲ 21ರಲ್ಲಿದೆ. ನಷ್ಟವಾದರೂ ಆಣೆ ತಪ್ಪದವನು ಅನ್ನುವ 15ನೇ ಕೀರ್ತನೆಯ ಸಾಲನ್ನು ನೀವು ಉದ್ಧರಿಸಿದ್ದೀರಿ. ಆ ನಷ್ಟ ಹೇಗಿರುತ್ತದೆ ಅಂತ ತೋರಿಸಿ.

ಒಂದು ಎಚ್ಚರಿಕೆ. ಹರಕೆ ಏನೇ ಇರಲಿ ತೀರಿಸಲೇಬೇಕು ಅಂತ ಬರೆದಿದ್ದೀರಿ. ಇದನ್ನು ಸುಮ್ನೆ ಹಾಗೇ ಬಿಡಬೇಡಿ. ಯುದ್ಧ ಗೆದ್ದರೆ ಮನೆಯಿಂದ ಮೊದಲು ಎದುರು ಬಂದದ್ದನ್ನು ಬಲಿ ಕೊಡುತ್ತೇನೆ ಅಂತ ಹರಕೆ ಹೊತ್ತ ಯೆಪ್ತಾಹನಿಗೆ ಎದುರು ಬಂದದ್ದು ಅವನ ಮಗಳೇ ಅಂತ ಗೊತ್ತಲ್ಲ. ರಾಜ ಹೆರೋದ ಆಣೆ ಇಟ್ಟೆ ಅನ್ನುವ ಕಾರಣಕ್ಕೇ ಸ್ನಾನಿಕ ಯೋಹಾನನ ತಲೆ ಕೊಯ್ಸಿದ. ದುಡುಕಿ ಆಣೆ ಇಟ್ಟವನು ತಪ್ಪೊಪ್ಪಿಕೊಂಡು ಬಲಿ ಅರ್ಪಿಸಬೇಕು ಅಂತ ಯಾಜಕಕಾಂಡ 5ನೇ ಅಧ್ಯಾಯದಲ್ಲೇ ದಾರಿ ಇದೆ. ಕೆಟ್ಟದ್ದನ್ನು ಮಾಡುತ್ತೇನೆ ಅಂತ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ನಂಬಿಗಸ್ತಿಕೆ ಅಲ್ಲ. ಹೊಡೆಯುವ ಗಂಡನ ಜೊತೆ ಇರುವ ಯಾರೋ ಒಬ್ಬಳು ನಿಮ್ಮ ಸಾಲು ಓದಿ ಬಾಯಿ ಮುಚ್ಚಿಕೊಂಡು ಇನ್ನಷ್ಟು ಸಹಿಸಬಾರದು.

ವಚನಗಳ ಉದ್ಧರಣೆ ಜಾಸ್ತಿಯಾಗಿದೆ, ಮೂರು ನಾಲ್ಕು ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ತಮ್ಮನ ವಿಷಯ ಇರಲಿ, ಆದರೆ ಕೆಲಸ ಸಿಗುವ ಮುಂಚಿನ ತಿಂಗಳುಗಳಲ್ಲಿ ಅವನು ಮನೆಯಲ್ಲಿ ಹೇಗಿದ್ದ, ನೀವು ಅವನಿಗೆ ಏನು ಹೇಳುತ್ತಿದ್ದಿರಿ ಅಂತ ಬರೆಯಿರಿ, ಅವನ ಒಪ್ಪಿಗೆ ಕೇಳಿಯೇ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.