ನೀವು ಕೇಳಿದ್ದೀರಿ: ಮದುವೆ ಕರೆಯೋಲೆಯಿಂದ ಬೀರುವಿನ ಬೂಷ್ಟಿನವರೆಗೆ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಲೆನಾಡಿನ ಕಡೆಯಿಂದ ಬಂದಿವೆ. ಪುನರ್ವಸು ಮಳೆ ಹಿಡಿದಿದೆ, ಚಿಕ್ಕಮಗಳೂರಿನಲ್ಲಿ ಕೂತು ಇದನ್ನು ಬರೆಯುವಾಗಲೂ ಎರಡು ಸಲ ಕರೆಂಟು ಹೋಗಿ ಬಂತು. ಹಾಗಾಗಿ ಪ್ರಶ್ನೆಗಳಲ್ಲೂ ನೀರು, ತೇವ, ಕರೆಂಟಿನದೇ ಮಾತು. ಆದರೆ ಮೊದಲ ಪತ್ರ ಬೇರೆ ತರದ್ದು. ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಇದೇ ತಿಂಗಳು ಇಂಥದ್ದೇ ಮೂರು ಪತ್ರ ಬಂದಿವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನೆಂಟರೊಬ್ಬರ ನಂಬರಿನಿಂದ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಬಂತು. ಒತ್ತಿದೆ, ಏನೇನೋ ಕೇಳಿತು, ಎಲ್ಲದಕ್ಕೂ ಹೂಂ ಅಂದೆ. ಕರೆಯೋಲೆ ತೆರೆಯಲೇ ಇಲ್ಲ. ಮಾರನೇ ದಿನ ನನ್ನ ನಂಬರಿನಿಂದ ಅದೇ ಕರೆಯೋಲೆ ಊರಿಗೆಲ್ಲ ಹೋಗಿದೆ. ಈಗ ಏನು ಮಾಡಲಿ? (ಮೂಡಿಗೆರೆ)

ಉತ್ತರ: ಮೇಷ್ಟ್ರೇ, ಮೊದಲು ಒಂದು ಮಾತು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನೆಂಟರ ನಂಬರಿನಿಂದ ಕರೆಯೋಲೆ ಬಂದರೆ ಯಾರಾದರೂ ಒತ್ತುತ್ತಾರೆ, ಮೋಸ ಮಾಡುವವರು ನಂಬಿಕೊಂಡಿರುವುದೂ ಅದನ್ನೇ. ನಿಮ್ಮ ನೆಂಟರೂ ನಿಮ್ಮ ಹಾಗೇ ಒತ್ತಿದವರು, ಅವರ ಮೇಲೆ ಸಿಟ್ಟು ಬೇಡ.

ನಿಮಗೆ ಬಂದದ್ದು ಕರೆಯೋಲೆ ಅಲ್ಲ, ಒಂದು ಆ್ಯಪ್. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' (apk) ಅಂತ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಮೊಬೈಲಿನೊಳಗೆ ಹೊಕ್ಕು ಕೂರುವ ಆ್ಯಪ್. ನಿಜವಾದ ಕರೆಯೋಲೆ ಫೋಟೋ ಆಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ, ಇಲ್ಲವೇ ಪಿಡಿಎಫ್ ಆಗಿ ಬರುತ್ತದೆ. ಅದನ್ನು ನೋಡಲು ಯಾವ ಅನುಮತಿಯನ್ನೂ ಕೊಡಬೇಕಾಗಿಲ್ಲ. ಇದೇ ತರ ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಹಣ, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟುಕೊಂಡೂ ಬರುತ್ತವೆ. ನೀವು ಹೂಂ ಅಂದದ್ದರಲ್ಲಿ ಎಸ್‌ಎಂಎಸ್ ಓದುವ ಅನುಮತಿಯೂ ಸೇರಿರುತ್ತದೆ. ಬ್ಯಾಂಕಿನ ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲೇ ಅಲ್ವಾ, ಅದನ್ನು ಅವರು ಎಲ್ಲೋ ಕೂತು ಓದಿಕೊಳ್ಳುತ್ತಾರೆ.

ಈಗ ಮಾಡಬೇಕಾದದ್ದು. ಆ ಮೊಬೈಲಿನ ಡೇಟಾ, ವೈಫೈ ಎರಡನ್ನೂ ಆರಿಸಿ, ಏರೋಪ್ಲೇನ್ ಮೋಡ್ ಹಾಕಿದರೆ ಇನ್ನೂ ಒಳ್ಳೆಯದು. ಮನೆಯವರ ಬೇರೆ ಮೊಬೈಲಿನಿಂದ ಬ್ಯಾಂಕಿಗೆ ಫೋನ್ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡು ಮೂರನ್ನೂ ತಡೆ ಹಿಡಿಸಿ. ನಂಬರನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಭಾಗದಿಂದಲೋ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ಸಹಾಯವಾಣಿಗಳ ನಂಬರೂ ಇರುತ್ತವೆ. ಒಂದು ರೂಪಾಯಿ ಹೋಗಿದ್ದರೂ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಅಂತಲೇ ಇರುವ ಸರ್ಕಾರದ ನಂಬರು. ಬೇಗ ಹೇಳಿದಷ್ಟೂ ಹಣ ಕೈ ಬದಲಾಗುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ. ಮಗ ಬೆಂಗಳೂರಿನಿಂದ ಬರಲಿ, ಕೇಳಿ ನೋಡೋಣ ಅಂತ ಕಾಯಬೇಡಿ. ದಯವಿಟ್ಟು.

ಆಮೇಲೆ ಫೋಟೋ ಮತ್ತು ನಂಬರುಗಳನ್ನು ಮಾತ್ರ ಬೇರೆ ಕಡೆ ಇಟ್ಟುಕೊಂಡು ಮೊಬೈಲನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಒಳಗಿನದ್ದೆಲ್ಲ ಅಳಿಸಿ ಹೊಸ ಮೊಬೈಲಿನ ಹಾಗೆ ಮಾಡಿಸಿ. ಆ್ಯಪನ್ನು ಹುಡುಕಿ ತೆಗೆದರೆ ಸಾಲದೇ ಅಂತ ಕೇಳಬಹುದು. ಇಂಥವು ತಮ್ಮ ಚಿಹ್ನೆಯನ್ನು ಅಡಗಿಸಿಕೊಂಡು ಕೂರುತ್ತವೆ, ಹೋಯಿತು ಅಂದುಕೊಂಡದ್ದು ಹೋಗಿರುವುದಿಲ್ಲ. ಪಾಸ್‌ವರ್ಡುಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ. ವಾಟ್ಸಾಪನ್ನು ಮತ್ತೆ ಹಾಕಿಕೊಂಡ ಮೇಲೆ 'ಲಿಂಕ್ಡ್ ಡಿವೈಸಸ್' ತೆರೆದು ನೋಡಿ, ನಿಮ್ಮದಲ್ಲದ ಕಂಪ್ಯೂಟರ್ ಏನಾದರೂ ಇದ್ದರೆ ಲಾಗೌಟ್ ಮಾಡಿ. 'ಟು ಸ್ಟೆಪ್ ವೆರಿಫಿಕೇಶನ್' ಅಂತ ಇದೆ, ಅದರಲ್ಲಿ ಆರು ಅಂಕಿಯ ಪಿನ್ ಇಟ್ಟುಬಿಡಿ.

ಕೊನೆಗೆ ನಿಮ್ಮ ನಂಬರಿನಿಂದ ಕರೆಯೋಲೆ ಹೋದವರಿಗೆಲ್ಲ ಒಂದು ಮಾತು ತಿಳಿಸಿ. ಮೆಸೇಜ್ ಹಾಕಿದರೆ ನಂಬುವುದಿಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡಿಯೇ ಹೇಳಬೇಕು. ನೀವು ಪಾಠ ಹೇಳಿದ ಹುಡುಗರು ಊರು ತುಂಬ ಇದ್ದಾರಲ್ಲ, ನಾಲ್ಕು ಜನಕ್ಕೆ ಹೇಳಿದರೆ ನಲವತ್ತು ಜನಕ್ಕೆ ಅವರೇ ಮುಟ್ಟಿಸುತ್ತಾರೆ.

ಪ್ರಶ್ನೆ: ಗದ್ದೆ ಬದುವಿನಲ್ಲಿ ಜಾರಿ ಮಗನ ಮೊಬೈಲು ನೀರಿಗೆ ಬಿತ್ತು. ಅತ್ತೆ ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಾರೆ. ಎಷ್ಟು ದಿನ ಇಡಬೇಕು? (ಸಕಲೇಶಪುರ)

ಉತ್ತರ: ಈಗಲೇ ಹೊರಗೆ ತೆಗೆಯಿರಿ. ಅಕ್ಕಿ ಮೊಬೈಲಿನ ಒಳಗಿನ ನೀರನ್ನು ಎಳೆದುಕೊಳ್ಳುವುದಿಲ್ಲ, ಬದಲಿಗೆ ಅಕ್ಕಿಯ ಪುಡಿ ಚಾರ್ಜರ್ ತೂತಿಗೆ ಹೋಗಿ ತೇವದ ಜೊತೆ ಅಂಟಿಕೊಳ್ಳುತ್ತದೆ. ಅತ್ತೆಯವರು ಒಳ್ಳೆಯದಾಗಲಿ ಅಂತಲೇ ಮಾಡಿದ್ದಾರೆ, ಎಲ್ಲ ಕಡೆ ಇದನ್ನೇ ಹೇಳುವುದು. ಮೊಬೈಲನ್ನು ಆಫ್ ಮಾಡಿ, ಸಿಮ್ ಟ್ರೇ ಹೊರಗೆ ತೆಗೆದು, ತೂತು ಕೆಳಗೆ ಬರುವ ಹಾಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಗಾಳಿಗೆ ಒಂದು ಪೂರ್ತಿ ದಿನ ಇಡಿ. ಮಳೆಗಾಲದಲ್ಲಿ ಎರಡು ದಿನ ಇಟ್ಟರೆ ವಾಸಿ. ಬಚ್ಚಲೊಲೆಯ ಹತ್ತಿರ ಇಡಬೇಡಿ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ. ಆನ್ ಆಗುತ್ತಾ ನೋಡೋಣ ಅಂತ ನಡುವೆ ಚಾರ್ಜಿಗೆ ಹಾಕುವುದಂತೂ ಬೇಡವೇ ಬೇಡ. ಎಷ್ಟೋ ಮೊಬೈಲು ಸಾಯುವುದು ನೀರಿನಿಂದ ಅಲ್ಲ, ಒದ್ದೆ ಇರುವಾಗಲೇ ಹರಿಸಿದ ಕರೆಂಟಿನಿಂದ. ನಿಮ್ಮದು ಗದ್ದೆಯ ಕೆಸರು ನೀರು, ಹಾಗಾಗಿ ಒಣಗಿದ ಮೇಲೆ ಆನ್ ಆದರೂ ಒಮ್ಮೆ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿ ಒಳಗೆ ಸ್ವಚ್ಛ ಮಾಡಿಸಿ.

ಪ್ರಶ್ನೆ: ಜಿಮೇಲ್ ತುಂಬಿದೆ, ದುಡ್ಡು ಕಟ್ಟಿ ಅನ್ನುತ್ತಿದೆ. ಕಟ್ಟಲೇಬೇಕಾ? (ಹಾಸನ)

ಉತ್ತರ: ಬೇಕಾಗಿಲ್ಲ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ. 2021ರ ಜೂನ್ ತಿಂಗಳಿಂದ ಹಾಕಿದ ಫೋಟೋಗಳೆಲ್ಲ ಈ ಲೆಕ್ಕಕ್ಕೇ ಬರುತ್ತವೆ. ಹಾಗಾಗಿ ಮೇಲ್ ಅಳಿಸುತ್ತಾ ಕೂತರೆ ಉಪಯೋಗ ಕಡಿಮೆ, ದೊಡ್ಡ ವಿಡಿಯೋಗಳನ್ನು ಮೊದಲು ನೋಡಿ. ಅಳಿಸಿದ ಮೇಲೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿ.

ಆದರೆ ಅವಸರದಲ್ಲಿ ಎಲ್ಲವನ್ನೂ ಅಳಿಸಬೇಡಿ. ಫೋಟೋಸ್ ಆ್ಯಪಿನಲ್ಲಿ ಅಳಿಸಿದರೆ ಮೊಬೈಲಿನಿಂದಲೂ ಹೋಗುತ್ತದೆ, ಗೂಗಲ್‌ನಿಂದಲೂ ಹೋಗುತ್ತದೆ. ನನ್ನ ಅಮ್ಮ ತೀರಿಕೊಳ್ಳುವ ಮೊದಲಿನ ಎರಡು ವರ್ಷದ ಫೋಟೋಗಳನ್ನು ನಾನು ಹೀಗೇ ಕಳೆದುಕೊಂಡೆ. ಜಾಗ ಖಾಲಿ ಆಯಿತು ಅಂತ ಬುಟ್ಟಿಯನ್ನೂ ತೊಳೆದಿದ್ದೆ. ಮೊದಲು ಒಂದು ಪೆನ್‌ಡ್ರೈವಿಗೋ ಹಾರ್ಡ್ ಡಿಸ್ಕಿಗೋ ತುಂಬಿಸಿ, ಅಲ್ಲಿ ತೆರೆದು ನೋಡಿ, ಆಮೇಲೆ ಅಳಿಸಿ. ತೆರೆದು ನೋಡುವುದನ್ನು ಮರೆಯಬೇಡಿ.

ಪ್ರಶ್ನೆ: ಇನ್ವರ್ಟರ್ ಬ್ಯಾಟರಿಗೆ ಮಳೆ ನೀರು ಹಾಕಬಹುದಾ? ಡಿಸ್ಟಿಲ್ಡ್ ವಾಟರ್ ತರಲು ಪೇಟೆಗೆ ಹೋಗಬೇಕು, ಮಳೆ ನೀರೂ ಶುದ್ಧವೇ ಅಂತಾರೆ. (ಕಳಸ)

ಉತ್ತರ: ಬೇಡ. ಆಕಾಶದಲ್ಲಿ ಶುದ್ಧ ಇರಬಹುದು, ಹೆಂಚಿನ ಮೇಲೆ ಬಿದ್ದು, ಪಾಚಿ ಧೂಳು ತೊಳೆದುಕೊಂಡು, ತಗಡಿನ ದೋಣಿಯಲ್ಲಿ ಹರಿದು ಬರುವ ಹೊತ್ತಿಗೆ ಅದು ಶುದ್ಧ ಆಗಿ ಉಳಿದಿರುವುದಿಲ್ಲ. ಬಾವಿ ನೀರು, ಫಿಲ್ಟರ್ ನೀರೂ ಬೇಡ, ಅವುಗಳಲ್ಲಿನ ಲವಣ ಬ್ಯಾಟರಿಯನ್ನು ಕೆಡಿಸುತ್ತದೆ. ಮಳೆ ಶುರುವಾಗುವ ಮೊದಲೇ ಐದು ಲೀಟರಿನ ಒಂದು ಕ್ಯಾನ್ ತಂದಿಡಿ. ಬ್ಯಾಟರಿ ಮೇಲೆ ತೇಲುವ ಕಡ್ಡಿ ಇರುತ್ತದೆ, ಅದರ ಗುರುತಿನವರೆಗೆ ಮಾತ್ರ ಹಾಕಿ. ತುಂಬಾ ಹಾಕಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕುತ್ತದೆ. ಆಸಿಡ್ ಬೆರೆಸಿದ ನೀರನ್ನು ಎಂದೂ ಹಾಕಬಾರದು, ಬರೀ ಡಿಸ್ಟಿಲ್ಡ್ ವಾಟರ್ ಸಾಕು. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಗೆ ಬರುತ್ತದೆ, ಅದು ಹೊತ್ತಿಕೊಳ್ಳುವಂಥದ್ದು. ಹಾಗಾಗಿ ದೇವರ ಮನೆ ಪಕ್ಕ, ಗಾಳಿ ಆಡದ ಗೂಡಿನಲ್ಲಿ ಬ್ಯಾಟರಿ ಇಟ್ಟಿದ್ದರೆ ಜಾಗ ಬದಲಿಸಿ.

ಗುಡುಗು ಶುರುವಾದ ಕೂಡಲೇ ಟಿವಿ, ವೈಫೈ ರೂಟರ್ ಪ್ಲಗ್ಗನ್ನು ಗೋಡೆಯಿಂದ ಕಿತ್ತೇ ಇಡಿ, ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಅನ್ನುವ ಆ್ಯಪ್ ಇದೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಮಾಡಿದ್ದು. ತೋಟದಲ್ಲಿ ಆಳುಗಳು ಕೆಲಸ ಮಾಡುವ ಮನೆಯವರೆಲ್ಲ ಇದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ. ಲೈನ್ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ಕರೆಂಟು ಕೊಡುವ ಕಂಪನಿ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್, ನಂಬರು ಒಂದೇ.

ಪ್ರಶ್ನೆ: ಬೋರ್‌ವೆಲ್ ನೀರಿಗೆ ಕೆಟಲ್ ಒಳಗೆಲ್ಲ ಬಿಳಿ ಗಾರು ಕಟ್ಟಿದೆ. ಉಜ್ಜಿದರೂ ಹೋಗಲ್ಲ. (ಅರಸೀಕೆರೆ)

ಉತ್ತರ: ಉಜ್ಜಬೇಡಿ, ಗೀರು ಬೀಳುತ್ತದೆ. ಅರ್ಧ ನೀರು, ಅರ್ಧ ವಿನೆಗರ್ ಹಾಕಿ ಕುದಿಸಿ ಒಂದು ಗಂಟೆ ಬಿಡಿ. ವಿನೆಗರ್ ಇಲ್ಲದಿದ್ದರೆ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಎರಡು ಚಮಚ ಸಾಕು. ಗಾರು ತಾನಾಗಿ ಬಿಡುತ್ತದೆ. ಆಮೇಲೆ ಬರೀ ನೀರನ್ನು ಎರಡು ಸಲ ಕುದಿಸಿ ಚೆಲ್ಲಿ. ಬಚ್ಚಲಿನ ನಲ್ಲಿಗೂ ಇದೇ ಮದ್ದು, ಬಟ್ಟೆ ಅದ್ದಿ ಸುತ್ತಿಡಿ. ಒಂದು ಎಚ್ಚರಿಕೆ: ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ, ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಸೇರಬಾರದು. ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ನಮ್ಮ ಮಹಿಳಾ ಸಂಘದ ಹಳೇ ನಡಾವಳಿಯೆಲ್ಲ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು. ಈಗ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ ಕಾಣುತ್ತದೆ. ಫೈಲು ಕೆಟ್ಟುಹೋಯಿತಾ? (ಬೇಲೂರು)

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ಹಳೇ ನುಡಿ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಒಳಗಿನದ್ದು ಹಾಗೇ ಕಾಣುತ್ತದೆ. ಈ ಹಳೇ ಪದ್ಧತಿಗೆ ಆಸ್ಕಿ ಅಂತಾರೆ, ಈಗಿನ ಮೊಬೈಲುಗಳಿಗೆ ಅರ್ಥವಾಗುವುದು ಯೂನಿಕೋಡ್ ಅನ್ನುವ ಬೇರೆ ಸಂಕೇತ ಪದ್ಧತಿ. 'ಆಸ್ಕಿಯಿಂದ ಯೂನಿಕೋಡ್ ಕನ್ನಡ ಪರಿವರ್ತಕ' ಅಂತ ಹುಡುಕಿದರೆ ಪುಕ್ಕಟೆ ಸಿಗುತ್ತವೆ, ಹಳೇದನ್ನು ಅಂಟಿಸಿದರೆ ಹೊಸ ರೂಪ ಬರುತ್ತದೆ. ಒಮ್ಮೆ ಕೂತು ಓದಿ ನೋಡಿ, ಅರ್ಕಾವತ್ತು, ಒತ್ತಕ್ಷರಗಳು ಕೆಲವು ಕಡೆ ತಪ್ಪುತ್ತವೆ. ಅಂಕಿಗಳನ್ನು, ಅದರಲ್ಲೂ ಸಾಲದ ಲೆಕ್ಕವನ್ನು ಮೂಲದ ಜೊತೆ ಇಟ್ಟು ತಾಳೆ ನೋಡಲೇಬೇಕು. ಮುಂದಕ್ಕೆ ನುಡಿಯಲ್ಲೇ ಯೂನಿಕೋಡ್ ಆಯ್ದುಕೊಂಡು ಟೈಪ್ ಮಾಡಿ. ಕೀಲಿಗಳ ಜಾಗ ಅದೇ, ಕೆ.ಪಿ. ರಾವ್ ಅವರ ವಿನ್ಯಾಸ, ನಿಮ್ಮ ಬೆರಳಿಗೆ ಹೊಸದೇನೂ ಕಲಿಯಬೇಕಾಗಿಲ್ಲ. ಸಂಘದ ಹೆಂಗಸರು ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ ಅದು, ಈ ಮಳೆಗಾಲದ ಬಿಡುವಿನಲ್ಲಿ ಮಾಡಿ ಮುಗಿಸಿಬಿಡಿ.

ಪ್ರಶ್ನೆ: ಬೀರುವಿನಲ್ಲಿ ರೇಷ್ಮೆ ಸೀರೆಗೂ ಬೂಷ್ಟು ಬರುತ್ತಿದೆ. ಕರ್ಪೂರ, ನುಸಿ ಗುಳಿಗೆ ಎಲ್ಲ ಇಟ್ಟಾಯಿತು. (ಕೊಪ್ಪ)

ಉತ್ತರ: ಅವು ಹುಳಕ್ಕೆ, ವಾಸನೆಗೆ. ತೇವಕ್ಕೆ ಅವುಗಳಿಂದ ಏನೂ ಆಗದು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಹಿಂದೆ ಗಾಳಿ ಆಡಲಿ. ಆ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ, ಆ ನೀರೆಲ್ಲ ಕೊನೆಗೆ ಹೋಗಿ ಕೂರುವುದು ಬೀರುವಿನೊಳಗೇ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೂಲೆಗಳಲ್ಲಿ ಇಡಿ. ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಬೂಷ್ಟು ಬಂದ ಸೀರೆಯನ್ನು ಮನೆಯೊಳಗೆ ಕೊಡವಬೇಡಿ, ಅದರ ಪುಡಿ ಉಳಿದ ಬಟ್ಟೆಗೂ ಹರಡುತ್ತದೆ, ಉಬ್ಬಸ ಇದ್ದವರಿಗೆ ಕಷ್ಟ. ಮಳೆ ಒಂದು ಗಳಿಗೆ ಹೊಳವಾದಾಗ ಜಗಲಿಗೆ ತಂದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಹರವಿ. ಮಡಿಕೆಯನ್ನು ತಿಂಗಳಿಗೊಮ್ಮೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತದೆ.